ಬೀಳುವ ಹಲ್ಲಿಗೆ ಆರು ಸಾವಿರ ಕೊಟ್ಟು ಕ್ಯಾಪ್ ಹಾಕಿಸಬೇಕಾ?

ಕಾಪು_ಕಡಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗನಿಗೆ ನಾಲ್ಕು ವರ್ಷ ಎಂಟು ತಿಂಗಳು, ಎಲ್‌ಕೆಜಿ. ಅಷ್ಟಮಿಗೆ ಅತ್ತೆ ಮಾಡಿದ ಎಳ್ಳುಂಡೆ ಬಾಯಿಗೆ ಹಾಕಿದವನು ಒಮ್ಮೆಲೇ ಕೆನ್ನೆ ಹಿಡಿದುಕೊಂಡು ಕೂತುಬಿಟ್ಟ. ಆ ರಾತ್ರಿ ಅವನೂ ಮಲಗಲಿಲ್ಲ, ಮನೆಯಲ್ಲಿ ಯಾರೂ ಮಲಗಲಿಲ್ಲ. ಹತ್ತಿಯಲ್ಲಿ ಲವಂಗದ ಎಣ್ಣೆ ಅದ್ದಿ ಇಟ್ಟರೆ ಉರಿ ಉರಿ ಅಂತ ಉಗುಳಿದ. ಬೆಳಿಗ್ಗೆ ಮೊಬೈಲ್ ಟಾರ್ಚಿನಲ್ಲಿ ನೋಡಿದೆ. ಕೆಳಗೆ ಬಲಬದಿಯ ಕೊನೆಯ ದವಡೆ ಹಲ್ಲಿನಲ್ಲಿ ಒಂದು ಕಡಲೆಬೇಳೆ ಕೂರುವಷ್ಟು ಹೊಂಡ. ಅದರ ಬುಡದ ವಸಡಿನಲ್ಲಿ ಸಣ್ಣ ಗುಳ್ಳೆ, ಮುಟ್ಟಿದರೆ ಹಳದಿ ನೀರು ಬಂತು. ಎಡಬದಿಯ ಎರಡು ಹಲ್ಲುಗಳಲ್ಲಿ ಕಪ್ಪು ಚುಕ್ಕೆ. ಮೇಲಿನ ಎದುರಿನ ನಾಲ್ಕು ಹಲ್ಲುಗಳ ಬುಡದಲ್ಲಿ ಕಂದು ಗೆರೆ. ಇಷ್ಟು ಹಾಳಾಗುವವರೆಗೆ ನನಗೆ ಗೊತ್ತೇ ಆಗಲಿಲ್ಲವಲ್ಲ ಅಂತ ಕಣ್ಣಲ್ಲಿ ನೀರು ಬಂತು.

ಉಡುಪಿಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ತೆಗೆದು ನೋಡಿ, ಹುಳುಕು ನರದವರೆಗೆ ಹೋಗಿದೆ, ರೂಟ್ ಕೆನಾಲ್ ಮಾಡಿ ಸ್ಟೀಲ್ ಕ್ಯಾಪ್ ಹಾಕಬೇಕು, ಆ ಒಂದು ಹಲ್ಲಿಗೆ ಆರು ಸಾವಿರ ಆಗ್ತದೆ ಎಂದರು. ಉಳಿದದ್ದಕ್ಕೆ ಸಿಮೆಂಟ್ ತುಂಬಬಹುದಂತೆ. ಸದ್ಯಕ್ಕೆ ಐದು ದಿನದ ಆಂಟಿಬಯೋಟಿಕ್ ಸಿರಪ್ ಕೊಟ್ಟು ಕಳಿಸಿದರು.

ಸಿರಪ್ ಮುಗಿಯುವ ಹೊತ್ತಿಗೆ ಗುಳ್ಳೆ ಇಳಿಯಿತು, ನೋವೂ ಹೋಯಿತು. ಈಗ ಮನೆಯಲ್ಲಿ ಮಾತು ಶುರುವಾಗಿದೆ. ಅತ್ತೆ ಹೇಳುವುದು, "ಹಾಲುಹಲ್ಲಿಗೆ ಯಾರು ಡಾಕ್ಟ್ರ ಹತ್ತಿರ ಹೋದದ್ದು ನಮ್ಮ ಕಾಲದಲ್ಲಿ? ಅಲುಗಿದರೆ ನೂಲು ಕಟ್ಟಿ ಎಳೆಯುವುದು, ಹಂಚಿನ ಮಾಡಿನ ಮೇಲೆ ಬಿಸಾಡುವುದು. ಅಷ್ಟೇ." ಅವರು ಕೆಟ್ಟದ್ದಕ್ಕೆ ಹೇಳುವವರಲ್ಲ, ಮೊಮ್ಮಗನ ಮೇಲೆ ಜೀವ ಇಟ್ಟುಕೊಂಡವರು. ಇಂಜೆಕ್ಷನ್ ಅಂದರೆ ಅವರಿಗೇ ಹೆದರಿಕೆ. ಗಂಡ ಕತಾರಿನಲ್ಲಿ ಇದ್ದಾರೆ, ಫೋನಿನಲ್ಲಿ "ನೀನೇ ವಿಚಾರಿಸಿ ಹೇಗೆ ಸರಿ ಕಾಣ್ತದೋ ಹಾಗೆ ಮಾಡು" ಅನ್ನುತ್ತಾರೆ.

ಹೇಗಿದ್ದರೂ ಬಿದ್ದುಹೋಗುವ ಹಲ್ಲಲ್ವಾ? ಕೀಳಿಸಿಬಿಟ್ಟರೆ ಆಗುವುದಿಲ್ಲವಾ? ನೋವೇ ಇಲ್ಲ ಅಂದ ಮೇಲೆ ಕಾಯಬಹುದಾ? ಅನುಭವ ಇದ್ದವರು ಹೇಳಿ.

—

ಉದ್ಯಾವರ_ಮಾಣಿ:

ಅಕ್ಕ, ಮಂಡೆಬಿಸಿ ಮಾಡಬೇಡಿ. ನನ್ನ ಮಗಳಿಗೂ ಕಳೆದ ವರ್ಷ ಹೀಗೇ ಆಗಿತ್ತು. ಕೀಳಿಸಿದೆವು, ಐದು ನಿಮಿಷದ ಕೆಲಸ, ಕೆಲವು ನೂರು ರೂಪಾಯಿಯಲ್ಲಿ ಮುಗಿಯಿತು. ಈಗ ಅವಳಿಗೆ ಆರು ವರ್ಷ, ಚೆನ್ನಾಗಿ ಊಟ ಮಾಡ್ತಾಳೆ, ಎಂತ ತೊಂದರೆಯೂ ಇಲ್ಲ. ಹೊಸ ಹಲ್ಲು ಬಂದೇ ಬರ್ತದೆ.

—

ಶಾಂಭವಿ_ತೀರ:

ತಂಗಿ, ಕೀಳಿಸಲು ಅವಸರ ಮಾಡಬೇಡಿ. ಮೊದಲು ಇದನ್ನು ಓದಿ, ಆಮೇಲೆ ನಿಮ್ಮ ಅತ್ತೆಯವರಿಗೂ ಓದಿ ಹೇಳಿ.

ನಾನು ಹಲ್ಲಿನ ಡಾಕ್ಟರಲ್ಲ. ಮುಲ್ಕಿ ಹತ್ತಿರದ ಒಂದು ಸರಕಾರಿ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಒಂದು, ಎರಡನೇ ಕ್ಲಾಸಿನ ಮಕ್ಕಳಿಗೆ ಕಲಿಸುವವಳು. ಆದರೆ ನೀವು ಹೇಳುವ ಅದೇ ಹಲ್ಲು, ಅದೇ ಬಲಬದಿ, ನನ್ನ ಮಗಳಿಗೆ ಐದೂವರೆ ವರ್ಷಕ್ಕೆ ಹಾಳಾಗಿತ್ತು. ಹೊಂಡ, ಗುಳ್ಳೆ, ಸಿರಪ್ಪು, ಮತ್ತೆ ನೋವು ಇಲ್ಲದ ಎರಡು ವಾರ, ಎಲ್ಲ ನಿಮ್ಮ ಮನೆಯ ಹಾಗೆಯೇ. ಮೂರನೇ ವಾರ ಕೆನ್ನೆ ಊದಿಸಿಕೊಂಡು ಎದ್ದಳು. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋಗಿ "ಕಿತ್ತುಬಿಡಿ" ಎಂದದ್ದು ನಾನೇ. ಅವರು ಕಿತ್ತರು. ಹತ್ತಿ ಕಚ್ಚಿಸಿದರು, ಐಸ್‌ಕ್ರೀಂ ಕೊಡಿ ಎಂದರು, ಕಳಿಸಿದರು. ಕಿತ್ತ ಜಾಗವನ್ನು ಕಾಯ್ದಿರಿಸಲು ಒಂದು ಸಾಧನ ಉಂಟು ಅಂತ ಅವರು ಹೇಳಲಿಲ್ಲ. ಕೇಳಬೇಕು ಅಂತ ನನಗೆ ಗೊತ್ತಿರಲಿಲ್ಲ.

ಆರು ವರ್ಷ ತುಂಬಿದ ಮೇಲೆ ಹಾಲುಹಲ್ಲುಗಳ ಸಾಲಿನ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಹುಟ್ಟುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಬಂದದ್ದು ಮನೆಯವರಿಗೆ ಗೊತ್ತೇ ಆಗುವುದಿಲ್ಲ, ಇದೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಅದು ಜೀವಮಾನಕ್ಕೆ ಇರುವ ಹಲ್ಲು. ಮಗಳಿಗೆ ಅದು ಹುಟ್ಟುವಾಗ ಮುಂದಿನ ಜಾಗ ಖಾಲಿ ಇತ್ತು. ಹಲ್ಲು ನೇರ ಮೇಲೆ ಬರುವ ಬದಲು ಖಾಲಿ ಕಂಡ ಕಡೆಗೆ ಸರಿಯುತ್ತಾ ಬಂತು.

ನಮ್ಮ ಕಡೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಲಿನ ದವಡೆ ಹಲ್ಲು ಅಂದರೆ ಆ ಕರ್ಚೀಫು. ಅದನ್ನು ತೆಗೆದರೆ ಪಕ್ಕದವರು ಸರಿದು ಕೂರುತ್ತಾರೆ. ನಿಜವಾಗಿ ಕೂರಬೇಕಾದವನು ಬಂದಾಗ ಜಾಗ ಇರುವುದಿಲ್ಲ.

ಮಗಳಿಗೆ ಈಗ ಹನ್ನೆರಡು. ಎಡಬದಿಯಲ್ಲಿ ಹೊಸ ಹಲ್ಲು ಬಂದಿದೆ, ಬಲಬದಿಯಲ್ಲಿ ಇಲ್ಲ. ಜೂನ್‌ನಲ್ಲಿ ಕ್ಲಿಪ್ ಹಾಕುವ ಡಾಕ್ಟರ್ ಇಡೀ ದವಡೆಯ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದರು. ಬಿಳಿಬಿಳಿಯಾಗಿ ಸಾಲಾಗಿ ನಿಂತ ಹಲ್ಲುಗಳ ಅಡಿಯಲ್ಲಿ ಒಂದು ಹಲ್ಲು ಮಾತ್ರ ಮೇಲೆ ಬರಲು ದಾರಿ ಇಲ್ಲದೆ ಓರೆಯಾಗಿ ಮಲಗಿತ್ತು. ಇನ್ನು ದೊಡ್ಡ ಹಲ್ಲನ್ನು ನಿಧಾನವಾಗಿ ಹಿಂದೆ ದೂಡಿ ಜಾಗ ಮಾಡಬೇಕು. ಎರಡು ವರ್ಷದ ಕೆಲಸ ಎಂದಿದ್ದಾರೆ. ಕ್ಲಿಪ್ಪಿನ ಕಂಬಿ ಬಿಗಿ ಮಾಡಿಸಿಕೊಂಡು ಬಂದ ರಾತ್ರಿ ಅವಳು ಗಂಜಿ ಮಾತ್ರ ಕುಡಿಯುವುದು. ಅವಳ ಎದುರು ಕೂತು ನಾನು ಊಟ ಮಾಡಲಾರೆ.

ಉದ್ಯಾವರದ ತಮ್ಮಾ, ನಿಮ್ಮ ಮಗಳಿಗೆ ಕಿತ್ತದ್ದು ಯಾವ ಹಲ್ಲು? ಎದುರಿನದಾದರೆ ಅಷ್ಟು ಚಿಂತೆ ಬೇಡ, ಅವು ಹೇಗೂ ಆರೇಳು ವರ್ಷಕ್ಕೆ ಬೀಳುತ್ತವೆ. ದವಡೆ ಹಲ್ಲಾದರೆ ದಯವಿಟ್ಟು ಈ ವಾರವೇ ತೋರಿಸಿ. ನನ್ನ ಮಗಳೂ ಆರು ವರ್ಷದಲ್ಲಿ ಚೆನ್ನಾಗಿಯೇ ಊಟ ಮಾಡುತ್ತಿದ್ದಳು.

"ಬೀಳುವ ಹಲ್ಲು" ಅನ್ನುವ ಮಾತು ಎಷ್ಟು ಮಕ್ಕಳ ಬಾಯಿ ಕೆಡಿಸಿದೆ ಅಂತ ನನಗೆ ಶಾಲೆಯಲ್ಲಿ ದಿನಾ ಕಾಣುತ್ತದೆ. ಹಾಲುಹಲ್ಲು ಒಟ್ಟು 20. ಅವು ಎಲ್ಲ ಒಟ್ಟಿಗೆ ಬೀಳುವುದಿಲ್ಲ. ನಿಮ್ಮ ಮಗನ ಹಾಳಾದ ಹಲ್ಲು ಬೀಳಬೇಕಾದದ್ದು ಹತ್ತು, ಹನ್ನೊಂದು, ಕೆಲವರಿಗೆ ಹನ್ನೆರಡು ವರ್ಷಕ್ಕೆ. ಅಂದರೆ ಇನ್ನೂ ಐದಾರು ವರ್ಷ ಅವನು ಅದರಲ್ಲೇ ಅನ್ನ ಜಗಿಯಬೇಕು. ಐದಾರು ವರ್ಷ ಬಾಳಿಕೆ ಬರಬೇಕಾದ ಚಪ್ಪಲಿಯನ್ನೇ ನಾವು ರಿಪೇರಿ ಮಾಡಿಸುತ್ತೇವೆ.

ಬಿಸಿಯೂಟದ ಹೊತ್ತಿಗೆ ನಾನು ಮಕ್ಕಳ ಜೊತೆ ಕೂರುತ್ತೇನೆ. ತಲೆ ಒಂದು ಬದಿಗೆ ವಾಲಿಸಿ ಒಂದೇ ದವಡೆಯಲ್ಲಿ ಜಗಿಯುವವರು ಇದ್ದಾರೆ. ತುತ್ತನ್ನು ಜಗಿಯದೆ ನೀರು ಕುಡಿದು ನುಂಗುವವರು ಇದ್ದಾರೆ. ಹೋದ ವರ್ಷ ಒಬ್ಬ ಹುಡುಗಿ ಯಾವಾಗಲೂ ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದಳು, ತಟ್ಟೆಯಲ್ಲಿ ಅರ್ಧ ಉಳಿಯುತ್ತಿತ್ತು. ಹಟ ಅಂತ ಒಮ್ಮೆ ಜೋರು ಮಾಡಿದ್ದೆ. ಒಂದು ದಿನ ಅ, ಆ ಹೇಳಿಸುವಾಗ ಬಾಯಿ ಪೂರ್ತಿ ತೆರೆದಳು. ಕೆಳಗಿನ ಎರಡೂ ಬದಿ ಬರೀ ಬೇರುಗಳು. ಅವಳ ತಾಯಿಯನ್ನು ಕರೆಸಿದೆ. ಅವರು ಹೇಳಿದ್ದೂ ಅದೇ, "ಬೀಳುವ ಹಲ್ಲು ಅಲ್ವಾ ಟೀಚರ್?"

ಇನ್ನು ಇಂಜೆಕ್ಷನ್ ಹೆದರಿಕೆಯ ಬಗ್ಗೆ. ಮಗಳದ್ದು ಹೀಗಾದ ಮೇಲೆ ಮಗನಿಗೆ ಐದು ವರ್ಷಕ್ಕೆ ಎಡಬದಿಯಲ್ಲಿ ಅದೇ ಹಲ್ಲು ನರದವರೆಗೆ ಹೋದಾಗ ನಾನು ಕೀಳಿಸಲಿಲ್ಲ. ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆಯ ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋದೆ. ಮಕ್ಕಳ ಹಲ್ಲಿಗೇ ಅಲ್ಲಿ ಬೇರೆ ವಿಭಾಗ ಉಂಟು, ಎಂಡಿಎಸ್, ಅಂದರೆ ಹಲ್ಲಿನ ವೈದ್ಯಕೀಯದ ಮೇಲಿನ ಪದವಿ ಓದುವ ಡಾಕ್ಟರುಗಳು ಮಾಡುತ್ತಾರೆ, ದೊಡ್ಡ ಡಾಕ್ಟರು ಹಂತ ಹಂತಕ್ಕೂ ಬಂದು ನೋಡುತ್ತಾರೆ. ಸಮಯ ಹೆಚ್ಚು ಬೇಕು. ನಮಗೆ ಮೂರು ಸಲ ಹೋಗಬೇಕಾಯಿತು. ಖರ್ಚು ಹೊರಗಿನ ಕ್ಲಿನಿಕ್ಕಿನಲ್ಲಿ ಹೇಳಿದ್ದರ ಕಾಲಂಶಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಮೊದಲ ದಿನ ಏನೂ ಮಾಡಲಿಲ್ಲ. ಕುರ್ಚಿ ಮೇಲೆ ಕೆಳಗೆ ಮಾಡಿ ತೋರಿಸಿದರು. ಗಾಳಿ ಬಿಡುವ ಕೊಳವೆಯನ್ನು ಅವನ ಅಂಗೈಗೆ ಹಿಡಿದರು, ನೀರು ಚಿಮ್ಮಿಸಿದರು, ತಿರುಗುವ ಬ್ರಷ್ಷನ್ನು ಉಗುರಿಗೆ ಮುಟ್ಟಿಸಿದರು. ಮೊದಲು ಹೇಳುವುದು, ಆಮೇಲೆ ತೋರಿಸುವುದು, ಆಮೇಲೆ ಮಾಡುವುದು, ಇದೇ ಅವರ ಕ್ರಮ. ಎರಡನೇ ದಿನ ವಸಡಿಗೆ ಸಿಹಿ ವಾಸನೆಯ ಒಂದು ಜೆಲ್ ಹಚ್ಚಿ ಕಾದರು, ಆಮೇಲೆ ಇಂಜೆಕ್ಷನ್. "ಹಲ್ಲಿಗೆ ನಿದ್ದೆಯ ನೀರು ಕೊಡ್ತೇನೆ, ಇರುವೆ ಕಚ್ಚಿದ ಹಾಗೆ ಆಗ್ತದೆ, ಹತ್ತು ಎಣಿಸುವಾ" ಎಂದರು. ಮಗ ಏಳರಲ್ಲಿ ಒಮ್ಮೆ ಮುಖ ಹಿಂಡಿದ, ಹತ್ತಕ್ಕೆ ಮುಗಿದಿತ್ತು. ಹಲ್ಲಿನ ಸುತ್ತ ಒಂದು ನೀಲಿ ರಬ್ಬರ್ ಹಾಳೆ ಕಟ್ಟಿದರು, ಹಲ್ಲಿನ ರೈನ್‌ಕೋಟಂತೆ. ಔಷಧಿಯ ನೀರು ಗಂಟಲಿಗೆ ಹೋಗುವುದಿಲ್ಲ, ನಾಲಗೆ ಅಡ್ಡ ಬರುವುದಿಲ್ಲ. ಬೇಡ ಅನಿಸಿದರೆ ಎಡಗೈ ಎತ್ತು ಎಂದಿದ್ದರು. ಅವನು ಎರಡು ಸಲ ಎತ್ತಿದ, ಎರಡು ಸಲವೂ ತಕ್ಷಣ ನಿಲ್ಲಿಸಿದರು. ಆಮೇಲೆ ಎತ್ತಲೇ ಇಲ್ಲ. ಅವರು ನಿಲ್ಲಿಸುತ್ತಾರೆ ಅಂತ ಗೊತ್ತಾದದ್ದೇ ಅವನಿಗೆ ಧೈರ್ಯ.

ಮೂರನೇ ಸಲ ಬೇರಿನೊಳಗೆ ಔಷಧಿ ತುಂಬಿದರು. ಇಡೀ ಕೋಣೆ ಲವಂಗದ ವಾಸನೆ. ಆಮೇಲೆ ಸ್ಟೀಲ್ ಕ್ಯಾಪ್. ಬಳೆ ಅಂಗಡಿಯಲ್ಲಿ ಅಳತೆ ನೋಡುವ ಹಾಗೆ ಒಂದು ಪೆಟ್ಟಿಗೆಯಿಂದ ಒಂದೊಂದೇ ತೆಗೆದು ಹಲ್ಲಿಗೆ ಇಟ್ಟು ನೋಡಿದರು. ಸರಿಯಾದದ್ದು ಸಿಕ್ಕಿ, ಸಿಮೆಂಟ್ ಹಾಕಿ ಒತ್ತಿ ಕಚ್ಚು ಎಂದಾಗ ಟಕ್ ಅಂತ ಕೂತಿತು. ಸುತ್ತಲಿನ ವಸಡು ಒಂದು ಗಳಿಗೆ ಬೆಳ್ಳಗಾಗಿ ಮತ್ತೆ ಕೆಂಪಾಯಿತು. ಈಗ ಅವನಿಗೆ ಎಂಟು, ಕ್ಯಾಪ್ ಹಾಗೇ ಉಂಟು. ಅಡಿಯಿಂದ ಹೊಸ ಹಲ್ಲು ಬರುವಾಗ ಹಾಲುಹಲ್ಲು ಕ್ಯಾಪಿನ ಸಮೇತ ತಾನಾಗಿ ಬೀಳುತ್ತದಂತೆ.

ಒಂದು ಎಚ್ಚರಿಕೆ ಮಾತ್ರ ನೆನಪಿಡಿ. ಇಂಜೆಕ್ಷನ್ ಕೊಟ್ಟ ಮೇಲೆ ಎರಡು ಮೂರು ಗಂಟೆ ತುಟಿ ಜೋಮು ಹಿಡಿದಿರುತ್ತದೆ. ಮಗ ಬಸ್ಸಿನಲ್ಲಿ ಹಳೆಯಂಗಡಿ ದಾಟುವವರೆಗೆ ಕೆಳತುಟಿಯನ್ನು ಜಗಿಯುತ್ತಾ ಕೂತಿದ್ದ, ನಾನು ಕಿಟಕಿ ಬದಿಗೆ ತೂಕಡಿಸುತ್ತಿದ್ದೆ. ಮರುದಿನ ತುಟಿ ಊದಿ, ಒಳಗೆ ಬಿಳಿ ಪದರ. ಕೀವು ಅಂತ ಹೆದರಿ ಫೋನ್ ಮಾಡಿದರೆ, ಕೀವಲ್ಲ, ಕಚ್ಚಿದ ಗಾಯ, ವಾರದಲ್ಲಿ ಗುಣವಾಗ್ತದೆ ಎಂದರು. ಹಾಗೆಯೇ ಆಯಿತು. ನೀವು ಜೋಮು ಬಿಡುವವರೆಗೆ ಮಗನ ಬಾಯಿಯ ಮೇಲೆ ಕಣ್ಣಿಡಿ, ಅಲ್ಲಿವರೆಗೆ ತಿನ್ನಲು ಕೊಡಬೇಡಿ.

ನಿಮಗೆ ಕಾಪುವಿನಿಂದ ಮಣಿಪಾಲವೇ ಹತ್ತಿರ. ಅಲ್ಲಿನ ಡೆಂಟಲ್ ಕಾಲೇಜು 1965ರಿಂದ ಉಂಟು. ಮಂಗಳೂರಿನ ಕಡೆ ಬರುವುದಾದರೆ ಲೈಟ್‌ಹೌಸ್ ಹಿಲ್, ಕುಂಟಿಕಾನ, ದೇರಳಕಟ್ಟೆ, ಎಲ್ಲ ಕಡೆ ಇದೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ, ಕ್ಲಿನಿಕ್ಕಿನಲ್ಲಿ ತೆಗೆದ ಎಕ್ಸ್‌ರೇ ಕೇಳಿ ತೆಗೆದುಕೊಂಡು ಹೋಗಿ.

ಒಂದು ಕೇಳುತ್ತೇನೆ, ಬೇಜಾರು ಮಾಡಬೇಡಿ. ಅವನು ರಾತ್ರಿ ಬಾಟ್ಲಿಯಲ್ಲಿ ಹಾಲು ಕುಡಿಯುತ್ತಾನಾ?

—

ಉದ್ಯಾವರ_ಮಾಣಿ:

ಅಕ್ಕ, ದವಡೆ ಹಲ್ಲೇ. ಇದೆಲ್ಲ ಗೊತ್ತಿರಲಿಲ್ಲ. ಶನಿವಾರ ತೋರಿಸ್ತೇನೆ.

—

ಕಾಪು_ಕಡಲು:

ಅಕ್ಕ, ಓದುವಾಗ ಕೈ ನಡುಗಿತು. ಹೌದು, ಕುಡಿಯುತ್ತಾನೆ. ಬೂಸ್ಟ್, ಎರಡು ಚಮಚ ಸಕ್ಕರೆ. ಬಾಟ್ಲಿ ಬಾಯಲ್ಲಿ ಇಟ್ಟುಕೊಂಡೇ ನಿದ್ದೆ. ನಡುರಾತ್ರಿ ಎದ್ದರೆ ಮತ್ತೊಂದು. ಅಪ್ಪ ಊರಲ್ಲಿಲ್ಲ ಅಂತ ನಾನೂ ಬಿಡಿಸಲು ಮನಸ್ಸು ಮಾಡಲಿಲ್ಲ. ಎದುರಿನ ಹಲ್ಲುಗಳ ಕಂದು ಗೆರೆ ಅದರಿಂದಲೇ ಅಂತ ಈಗ ಅನಿಸ್ತಾ ಉಂಟು. ಬೆಳಿಗ್ಗೆ ಅವನೇ ಬ್ರಷ್ ಮಾಡಿಕೊಳ್ಳುತ್ತಾನೆ, ರಾತ್ರಿ ಇಲ್ಲ.

ಇನ್ನೊಂದು ವಿಷಯ. ಪಕ್ಕದ ಮನೆಯವರು ಹಲ್ಲಿನ ಹುಳಕ್ಕೆ ಹೊಗೆ ಹಾಕುವವರು ಒಬ್ಬರು ಇದ್ದಾರೆ, ಒಮ್ಮೆ ಕರೆದುಕೊಂಡು ಹೋಗಿ ಅಂತ ಹೇಳ್ತಿದ್ದಾರೆ. ಎಡಬದಿಯ ಕಪ್ಪು ಚುಕ್ಕೆಗಳಿಗೆ ಡಾಕ್ಟರ ಹತ್ತಿರ ಡ್ರಿಲ್ ಮಾಡದೆ ಏನಾದರೂ ಉಂಟಾ?

—

ದಂತವೈದ್ಯೆ_ಕುಡ್ಲ:

ನಮಸ್ಕಾರ. ನಾನು ಮಂಗಳೂರಿನಲ್ಲಿ ಮಕ್ಕಳ ಹಲ್ಲಿನ ಚಿಕಿತ್ಸೆ ಮಾಡುವವಳು. ಬಾಯಿ ನೋಡದೆ ಚಿಕಿತ್ಸೆ ಹೇಳಲಾಗುವುದಿಲ್ಲ, ಆದರೆ ಕೆಲವು ವಿಷಯ ಹೇಳಬಹುದು.

ಹಲ್ಲಿನಲ್ಲಿ ಹುಳ ಇಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತದೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಆದ್ದರಿಂದ ರಾತ್ರಿಯ ಸಿಹಿ ಹಾಲು ತೊಳೆದು ಹೋಗದೆ ಹಲ್ಲಿನ ಮೇಲೆ ನಿಲ್ಲುತ್ತದೆ. ಬಾಟ್ಲಿ ಕುಡಿಯುವ ಮಕ್ಕಳಲ್ಲಿ ಮೇಲಿನ ಎದುರಿನ ಹಲ್ಲು ಮೊದಲು ಹಾಳಾಗುತ್ತದೆ. ಕೆಳಗಿನ ಎದುರಿನ ಹಲ್ಲುಗಳನ್ನು ನಾಲಗೆ ಮುಚ್ಚಿಕೊಂಡಿರುತ್ತದೆ, ಅವು ಉಳಿಯುತ್ತವೆ. ನಿಮ್ಮ ಮಗನ ಕೆಳಗಿನ ಎದುರಿನವು ಚೆನ್ನಾಗಿರಬೇಕು, ನೋಡಿ. ಹೊಗೆ ಹಾಕಿಸಲು ಹೋಗಬೇಡಿ, ಬಾಯಿ ಸುಡುವುದು ಬಿಟ್ಟು ಬೇರೆ ಪ್ರಯೋಜನ ಇಲ್ಲ.

ನೋವು ಹೋಗಿದೆ ಅಂತ ಕಾಯಬೇಡಿ. ಆಂಟಿಬಯೋಟಿಕ್ ಬಾವನ್ನು ಇಳಿಸುತ್ತದೆ, ಹಲ್ಲಿನೊಳಗೆ ಸತ್ತ ನರವನ್ನು ತೆಗೆಯುವುದಿಲ್ಲ. ಕೀವು ಅಲ್ಲೇ ಉಳಿದರೆ ಅಡಿಯಲ್ಲಿ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೇಲೆ ಕಂದು ಅಥವಾ ಬಿಳಿ ಕಲೆ ಬಿದ್ದು ಅದರ ಹೊರಪದರವೇ ದುರ್ಬಲವಾಗಬಹುದು. ಹಾಲುಹಲ್ಲಿನ ಹೊರಪದರ ತೆಳು, ಒಳಗಿನ ನರದ ಕೋಣೆ ದೊಡ್ಡದು, ಹಾಗಾಗಿ ಹುಳುಕು ಬೇಗ ಒಳಗೆ ಇಳಿಯುತ್ತದೆ. ಜ್ವರ ಬಂದು ಕೆನ್ನೆಯ ಬಾವು ಕಣ್ಣಿನ ಕಡೆಗೋ ಕುತ್ತಿಗೆಯ ಕಡೆಗೋ ಹರಡಿದರೆ, ನುಂಗಲು ಕಷ್ಟವಾದರೆ, ಹೊತ್ತು ನೋಡದೆ ಆಸ್ಪತ್ರೆಗೆ ಹೋಗಿ.

ಬೇರು ಹೆಚ್ಚು ಕರಗಿದ್ದರೆ ಆ ಹಲ್ಲನ್ನು ಉಳಿಸಲಾಗುವುದಿಲ್ಲ, ಎಕ್ಸ್‌ರೇ ನೋಡಿಯೇ ಹೇಳಬೇಕು. ಆಗ ಕೀಳಲೇಬೇಕು, ಆದರೆ ಜಾಗ ಕಾಯುವ ಸಾಧನದ ಬಗ್ಗೆ ಮೊದಲೇ ಮಾತಾಡಿ. ಆರು ವರ್ಷದ ಹಲ್ಲು ಬಂದ ಮೇಲಾದರೆ ಅದಕ್ಕೆ ಉಂಗುರ ಹಾಕಿ ಕಂಬಿ ನಿಲ್ಲಿಸುವುದು ಸುಲಭ. ನಾಲ್ಕೂವರೆಯಲ್ಲಿ ಆ ಆಧಾರದ ಹಲ್ಲೇ ಇನ್ನೂ ಹುಟ್ಟಿಲ್ಲ, ವಸಡಿನೊಳಗೆ ಇಳಿಯುವ ಬೇರೆ ರೀತಿಯ ಸಾಧನ ಬೇಕು, ಅದು ಕಷ್ಟದ ಕೆಲಸ. ಅದಕ್ಕೇ ಈ ವಯಸ್ಸಿನಲ್ಲಿ ಈ ಹಲ್ಲನ್ನು ಉಳಿಸಲು ನಾವು ಇಷ್ಟು ಒದ್ದಾಡುವುದು. ದೊಡ್ಡವರ ರೂಟ್ ಕೆನಾಲಿನಲ್ಲಿ ತುಂಬುವ ವಸ್ತು ಕರಗುವುದಿಲ್ಲ. ಮಕ್ಕಳಿಗೆ ಕರಗುವ ಪೇಸ್ಟ್ ತುಂಬುತ್ತೇವೆ, ಹೊಸ ಹಲ್ಲು ಬರುವಾಗ ಬೇರಿನ ಜೊತೆ ಅದೂ ಕರಗಬೇಕು.

ಕಪ್ಪು ಚುಕ್ಕೆಗಳಿಗೆ ಡ್ರಿಲ್ ಇಲ್ಲದ ದಾರಿ ಇದೆ. ನೋವು ಇಲ್ಲದ, ನರ ಮುಟ್ಟದ ಹುಳುಕಿಗೆ 38% ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಸಣ್ಣ ಬ್ರಷ್ಷಿನಲ್ಲಿ ಹಚ್ಚುತ್ತಾರೆ. ಹುಳುಕು ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ, ಆದರೆ ಹಚ್ಚಿದ ಜಾಗ ಕಪ್ಪಾಗಿ ಗಟ್ಟಿಯಾಗುತ್ತದೆ. ದವಡೆಯಲ್ಲಿ ಪರವಾಗಿಲ್ಲ, ಎದುರಿನ ಹಲ್ಲಿಗಾದರೆ ತಂದೆ ತಾಯಿ ಮೊದಲೇ ಒಪ್ಪಿರಬೇಕು. ಹೊಂಡವಿಲ್ಲದ ಹಲ್ಲುಗಳಿಗೆ ಮೂರರಿಂದ ಆರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಷ್, ಅಂದರೆ ಹಲ್ಲನ್ನು ಗಟ್ಟಿ ಮಾಡುವ ಫ್ಲೋರೈಡಿನ ಲೇಪ. ಆರು ವರ್ಷದ ಹಲ್ಲು ಬಂದ ಕೂಡಲೇ ಅದರ ಗೆರೆಗಳನ್ನು ಸೀಲಂಟ್ ಹಾಕಿ ಮುಚ್ಚಿಸಿ.

ಪೇಸ್ಟಿನ ಪೆಟ್ಟಿಗೆಯ ಹಿಂದೆ ಫ್ಲೋರೈಡ್ 1000 ಪಿಪಿಎಂ ಇದೆಯಾ ನೋಡಿ. ಮಕ್ಕಳ ಪೇಸ್ಟ್ ಅಂತ ಮಾರುವ ಕೆಲವದರಲ್ಲಿ ಇರುವುದೇ ಇಲ್ಲ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಉಜ್ಜಿದ ಮೇಲೆ ಉಗುಳಿಸಿ, ನೀರು ಹಾಕಿ ಮುಕ್ಕಳಿಸಬೇಡಿ, ಫ್ಲೋರೈಡ್ ಹಲ್ಲಿನ ಮೇಲೆ ಇರಲಿ.

—

ಶಾಂಭವಿ_ತೀರ:

ಡಾಕ್ಟ್ರೇ, ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬ ಉಪಕಾರ. ನಮ್ಮ ಶಾಲೆಯ ಪೋಷಕರ ಗುಂಪಿಗೆ ಹಾಕುತ್ತೇನೆ.

ತಂಗಿ, ಬಾಟ್ಲಿಯ ವಿಷಯದಲ್ಲಿ ನಿಮ್ಮನ್ನು ನೀವು ಬೈದುಕೊಳ್ಳುವುದು ಬೇಡ. ಗಂಡ ಗಲ್ಫಿನಲ್ಲಿದ್ದು ಒಬ್ಬಳೇ ಮಗು ಮಲಗಿಸುವ ಕಷ್ಟ ನನ್ನ ತಂಗಿಯ ಮನೆಯಲ್ಲಿ ನೋಡಿದ್ದೇನೆ. ಅವಳು ಬಿಡಿಸಿದ್ದು ಹೀಗೆ. ಒಮ್ಮೆಲೇ ಕಸಿದುಕೊಳ್ಳಲಿಲ್ಲ. ಮೊದಲ ಮೂರು ದಿನ ಸಕ್ಕರೆ, ಬೂಸ್ಟ್ ಅರ್ಧ. ಆಮೇಲೆ ಬರೀ ಹಾಲು. ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ನೀರು ಸೇರಿಸುತ್ತಾ ಹೋದಳು, ಎರಡು ವಾರಕ್ಕೆ ಬಾಟ್ಲಿಯಲ್ಲಿ ಇದ್ದದ್ದು ಬರೀ ನೀರು. "ಇದು ರುಚಿ ಇಲ್ಲ" ಅಂತ ಮಗುವೇ ಬದಿಗೆ ಇಟ್ಟಿತು. ಹಾಲನ್ನು ಸಂಜೆ ಲೋಟದಲ್ಲಿ ಕೊಡಿ, ಊಟದ ಮೊದಲು. ಬ್ರಷ್ ಆದ ಮೇಲೆ ನೀರು ಮಾತ್ರ.

ರಾತ್ರಿಯ ಬ್ರಷ್ ನೀವೇ ಮಾಡಿಸಬೇಕು. ಶೂವಿನ ಲೇಸ್ ಸ್ವತಃ ಕಟ್ಟಲು ಬರುವವರೆಗೆ ಮಕ್ಕಳ ಕೈಗೆ ಹಲ್ಲುಜ್ಜುವ ಹದ ಬಂದಿರುವುದಿಲ್ಲ. ಕನ್ನಡಿಯ ಎದುರು ನಿಲ್ಲಿಸಿದರೆ ಅವನು ಬಾಯಿ ಮುಚ್ಚುತ್ತಾನೆ, ನಿಮಗೆ ಹಿಂದಿನ ಹಲ್ಲು ಕಾಣುವುದಿಲ್ಲ. ಚಾಪೆಯ ಮೇಲೆ ಕಾಲು ಚಾಚಿ ಕೂತು ಅವನ ತಲೆಯನ್ನು ನಿಮ್ಮ ಮಡಿಲಲ್ಲಿ ಇಟ್ಟು ಮಲಗಿಸಿ, ನಮ್ಮ ಅಜ್ಜಿಯಂದಿರು ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಹಾಗೆ. ಎಡಗೈ ಬೆರಳಿನಿಂದ ಮೇಲಿನ ತುಟಿ ಎತ್ತಿ. ಹಲ್ಲು ವಸಡು ಕೂಡುವಲ್ಲಿ ಸುಣ್ಣ ಬಳಿದ ಹಾಗೆ ಮಂಕು ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಮೊದಲ ಗುರುತು. ಆ ಹಂತದಲ್ಲಿ ಫ್ಲೋರೈಡಿನಿಂದ ಅದು ಮತ್ತೆ ಗಟ್ಟಿಯಾಗಬಹುದು. ಕಂದಾದ ಮೇಲೆ ಆ ಅವಕಾಶ ಕಡಿಮೆ. ನಾನು ಮಗನಿಗೆ ಪ್ರತಿ ಭಾನುವಾರ ತಲೆ ಸ್ನಾನಕ್ಕೆ ಮೊದಲು ತುಟಿ ಎತ್ತಿ ನೋಡುತ್ತೇನೆ.

ಅತ್ತೆಯವರ ವಿಷಯ. ಅವರ ಕಾಲ ಅಂದದ್ದರಲ್ಲಿ ಸುಳ್ಳಿಲ್ಲ. ಮಾವಿನ ಎಲೆಯಲ್ಲಿ ಉಜ್ಜಿ, ಕುಚಲಕ್ಕಿ ಗಂಜಿ ಚಟ್ನಿ ಉಂಡು ಬೆಳೆದವರು. ಸಿಹಿ ಅಂದರೆ ಹಬ್ಬಕ್ಕೆ, ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವಾಗ ಸಿಕ್ಕ ಒಂದು ತುಂಡಿಗೆ. ಈಗ ಬೆಳಿಗ್ಗೆ ರಸ್ಕು, ಹತ್ತು ಗಂಟೆಗೆ ಕ್ರೀಂ ಬಿಸ್ಕಿಟು, ಶಾಲೆಯಿಂದ ಬಂದ ಮೇಲೆ ಚಾಕಲೇಟು, ರಾತ್ರಿ ಬೂಸ್ಟು. ಹಲ್ಲಿಗೆ ಬಿಡುವೇ ಇಲ್ಲ. ಎಳ್ಳುಂಡೆ ಮಾಡಬೇಡಿ ಅಂತ ಅವರಿಗೆ ಹೇಳಬೇಡಿ, ಅದು ಅವರ ಪ್ರೀತಿ. ಊಟದ ಜೊತೆಗೇ ಕೊಡಿ, ಮಧ್ಯೆ ಮಧ್ಯೆ ಬೇಡ, ತಿಂದ ಮೇಲೆ ನೀರು ಕುಡಿಸಿ ಅಂತ ಹೇಳಿ. ಎಷ್ಟು ಸಿಹಿ ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ಅನ್ನುವುದು ಹಲ್ಲಿಗೆ ಮುಖ್ಯ ಅಂತ ಕಾಲೇಜಿನಲ್ಲಿ ನನಗೆ ಹೇಳಿದ್ದರು. ಅಂದಿನಿಂದ ನಮ್ಮ ಕ್ಲಾಸಿನಲ್ಲಿ ಕ್ಷೀರಭಾಗ್ಯದ ಹಾಲು ಕುಡಿದ ಮೇಲೆ ಎಲ್ಲರೂ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿಯೇ ಒಳಗೆ ಬರಬೇಕು.

ಅತ್ತೆಯವರನ್ನೂ ಕಾಲೇಜಿಗೆ ಕರೆದುಕೊಂಡು ಹೋಗಿ. ಬೇರೆ ಮಕ್ಕಳು ಅಳದೆ ಕುರ್ಚಿಯಲ್ಲಿ ಕೂತದ್ದನ್ನು ಅವರು ಕಣ್ಣಾರೆ ನೋಡಲಿ.

—

ಕಾಪು_ಕಡಲು:

ಮೂರು ವಾರ ಆಯ್ತು, ಹೇಳಬೇಕು ಅನಿಸಿತು.

ಮಣಿಪಾಲಕ್ಕೆ ಹೋದೆವು, ಅತ್ತೆಯೂ ಬಂದರು. ಎಕ್ಸ್‌ರೇ ನೋಡಿ ಬೇರು ಇನ್ನೂ ಗಟ್ಟಿ ಇದೆ, ಉಳಿಸಬಹುದು ಎಂದರು. ಮೊದಲ ದಿನ ಕುರ್ಚಿಯಲ್ಲಿ ಕೂರಲೇ ಇಲ್ಲ, ಅತ್ತೆಯ ಸೆರಗಿನಲ್ಲಿ ಮುಖ ಅಡಗಿಸಿದ. ಡಾಕ್ಟರ್ ಬೈಯಲಿಲ್ಲ. ಪಕ್ಕದ ಕುರ್ಚಿಯಲ್ಲಿ ಅವನಷ್ಟೇ ದೊಡ್ಡ ಹುಡುಗಿಗೆ ಹಲ್ಲು ಉಜ್ಜುವುದನ್ನು ತೋರಿಸಿ ಕಳಿಸಿದರು. ಎರಡನೇ ಸಲ ಅತ್ತೆಯ ಮಡಿಲಲ್ಲೇ ಕೂತು ಬಾಯಿ ತೆರೆದ. ಇಂಜೆಕ್ಷನ್ ಹೊತ್ತಿಗೆ ಅತ್ತೆ ಕಣ್ಣು ಮುಚ್ಚಿಕೊಂಡು ಕೃಷ್ಣ ಕೃಷ್ಣ ಅಂತಿದ್ದರು, ಅವನು ಹತ್ತರವರೆಗೆ ಎಣಿಸಿದ. ಜೋಮು ಬಿಡುವವರೆಗೆ ಅವನ ತುಟಿಯನ್ನೇ ನೋಡುತ್ತಾ ಬಸ್ಸಿನಲ್ಲಿ ಬಂದೆ ಅಕ್ಕ, ಕಚ್ಚಲಿಲ್ಲ.

ನಿನ್ನೆ ಕ್ಯಾಪ್ ಕೂರಿಸಿದರು. ಮನೆಗೆ ಬಂದವನೇ ವಿಡಿಯೋ ಕಾಲಿನಲ್ಲಿ ಬಾಯಿಯನ್ನು ಕ್ಯಾಮೆರಾಕ್ಕೆ ಒತ್ತಿ ಅಪ್ಪನಿಗೆ ತೋರಿಸಿದ. ಎಡಬದಿಯ ಎರಡಕ್ಕೆ ಆ ಸಿಲ್ವರ್ ಔಷಧಿ ಹಚ್ಚಿದ್ದಾರೆ, ಕಪ್ಪಾಗಿದೆ, ಮೊದಲೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ. ಡಾಕ್ಟ್ರೇ, ನೀವು ಹೇಳಿದ ಹಾಗೆ ಕೆಳಗಿನ ಎದುರಿನ ಹಲ್ಲು ನಾಲ್ಕೂ ಬೆಳ್ಳಗೆ ಉಂಟು. ಮೇಲಿನದಕ್ಕೆ ಮುಂದಿನ ಬುಧವಾರ ಬರಲು ಹೇಳಿದ್ದಾರೆ.

ಬಾಟ್ಲಿ ಪೂರ್ತಿ ಬಿಟ್ಟಿಲ್ಲ. ಸಕ್ಕರೆ ನಿಲ್ಲಿಸಿದ್ದೇನೆ, ಈಗ ಅರ್ಧ ಹಾಲು ಅರ್ಧ ನೀರು. ಮೊನ್ನೆ ರಾತ್ರಿ ಒಂದು ಗಂಟೆಗೆ ಎದ್ದು ಅತ್ತ. ಕೊಡಲು ಎದ್ದೆ. ಅಷ್ಟರಲ್ಲಿ ಅತ್ತೆ ಅವರ ಕೋಣೆಯಿಂದ ಬಂದು, ನೀನು ಮಲಗು ಅಂತ ಹೇಳಿ ಅವನನ್ನು ಎತ್ತಿಕೊಂಡು ಅಂಗಳಕ್ಕೆ ಹೋದರು. ಲೋಟದಲ್ಲಿ ನೀರು ಕುಡಿಸಿ, ಹೆಗಲಿಗೆ ಹಾಕಿಕೊಂಡು ತಟ್ಟಿ ಮಲಗಿಸಿದರು.

ಉದ್ಯಾವರದ ಅಣ್ಣ, ನಿಮ್ಮ ಮಗಳನ್ನು ತೋರಿಸಿದಿರಾ?

—

ಉದ್ಯಾವರ_ಮಾಣಿ:

ತೋರಿಸಿದೆ. ಆರು ವರ್ಷದ ಹಲ್ಲು ಈಗಷ್ಟೇ ಹುಟ್ಟಿದೆ, ಸ್ವಲ್ಪವೇ ಸರಿದಿದೆ, ತಡ ಆಗಿಲ್ಲ ಎಂದರು. ಇನ್ನೂ ಸ್ವಲ್ಪ ಮೇಲೆ ಬರಲಿ, ತಿಂಗಳು ಬಿಟ್ಟು ಬನ್ನಿ, ಅಳತೆ ತೆಗೆದು ಉಂಗುರ ಹಾಕಿ ಕಂಬಿ ನಿಲ್ಲಿಸುವಾ ಎಂದಿದ್ದಾರೆ. ಶಾಂಭವಿ ಅಕ್ಕ, ನೀವು ಕೇಳದಿದ್ದರೆ ನಾನು ಹೋಗುತ್ತಿರಲಿಲ್ಲ.